ಹಿನ್ನೀರಿನಾಚೆಯ ಇಂಗ್ಲಿಷ್ ಪೀರಿಯಡ್

ತಾಳಗುಪ್ಪದ ರೈಲು ಸಾಗರ ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸ್ಟೇಷನ್ ಹೊರಗೆ ಒಂದು ಚಹಾ ಕುಡಿದು, ಬಸ್‌ಸ್ಟ್ಯಾಂಡಿಗೆ ಹೋಗಿ ತುಮರಿ ಕಡೆಯ ಬಸ್ಸು ಹತ್ತಿದೆ. ಅಂಬಾರಗೋಡ್ಲು ಬಂದ ಕೂಡಲೇ ನನ್ನ ಕೈ ತಾನಾಗಿಯೇ ಬ್ಯಾಗಿನ ಕಡೆ ಹೋಯ್ತು. ಚಿಕ್ಕಂದಿನ ಅಭ್ಯಾಸ. ಇಲ್ಲಿ ಇಳೀಬೇಕು, ದಡದಲ್ಲಿ ನಿಂತು ಲಾಂಚಿಗೆ ಕಾಯಬೇಕು, ಕೊನೆಯ ಲಾಂಚ್ ತಪ್ಪಿದರೆ ಯಾರದ್ದಾದರೂ ಮನೆ ಹುಡುಕಬೇಕು. ಈ ಸಲ ಬಸ್ಸು ನಿಲ್ಲಲೇ ಇಲ್ಲ. ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. 2025ರ ಜುಲೈ 14ರಂದು ಅದರ ಉದ್ಘಾಟನೆ ಆಯ್ತು. ನಾನು ಕಣ್ಣುಜ್ಜಿಕೊಂಡು ಕಿಟಕಿ ಸರಿಸುವಷ್ಟರಲ್ಲಿ ಕಳಸವಳ್ಳಿ ಬಂದೇಬಿಟ್ಟಿತ್ತು.

ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಹೋದವರಿಗೆ ಈ ಜಾಗ ಗೊತ್ತಿರುತ್ತದೆ. ಲಾಂಚಿನ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡವರೂ ಇರಬಹುದು. ನಮಗೆ ಮಾತ್ರ ಅದು ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಹೋಗುವ ದಾರಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ನೀರು ಹಳ್ಳಿಗಳನ್ನು ನುಂಗಿತು, ಉಳಿದ ಊರುಗಳನ್ನು ಸಾಗರದಿಂದ ಕತ್ತರಿಸಿ ಇಟ್ಟಿತು. ನಿಟ್ಟೂರು, ನಗರ, ಹೊಸನಗರ ಸುತ್ತಿ ಬರೋಕೆ ರಸ್ತೆ ಇತ್ತು ನಿಜ. ಆದರೂ ನಮ್ಮ ಜನ ತಮ್ಮ ಊರನ್ನು ‘ದ್ವೀಪ’ ಅಂತಲೇ ಕರೆದುಕೊಂಡರು.

ಸೇತುವೆಯ ಮಧ್ಯದಲ್ಲಿ ಎದುರಿಗೆ ಒಂದು ಹಳದಿ ವ್ಯಾನು ದಾಟಿ ಹೋಯ್ತು. ಒಳಗೆ ಟೈ ಕಟ್ಟಿದ, ಅರ್ಧ ನಿದ್ದೆಯಲ್ಲಿದ್ದ ಮಕ್ಕಳು. ನಾನು ರಜೆ ಹಾಕಿ ಊರಿಗೆ ಬಂದಿದ್ದೇ ಆ ವ್ಯಾನಿನ ದೆಸೆಯಿಂದ.

ಹಿಂದಿನ ವಾರ ಅಣ್ಣ ಫೋನ್ ಮಾಡಿದ್ದ. “ಪುಟ್ಟನ್ನ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕದಾ ಬೇಡದಾ, ನೀನೇ ಬಂದು ನೋಡಿ ಹೇಳು ಮಾರಾಯ. ನೀ ಓದಿದ್ದೂ ಇದೇ ಶಾಲೇಲಿ. ಈಗ ಇಂಗ್ಲಿಷಲ್ಲೇ ಕೆಲಸ ಮಾಡವ್ನು.” ಪುಟ್ಟ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ಕ್ಲಾಸು. ಸೇತುವೆ ಆದ ಮೇಲೆ ವ್ಯಾನು ಮನೆ ಬಾಗಿಲ ಹತ್ತಿರವೇ ಬರುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಒಬ್ಬೊಬ್ಬರಾಗಿ ಮಕ್ಕಳನ್ನು ಹತ್ತಿಸುತ್ತಿದ್ದಾರೆ.

ಅಣ್ಣ ನನ್ನನ್ನು ಯಾಕೆ ಕೇಳಿದ ಅಂತ ನನಗೆ ಗೊತ್ತು. ನಾನು ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಆಗ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಅಲ್ಲಿಂದ. ಒಂದನೇ ಕ್ಲಾಸಿನಿಂದ ಅದನ್ನು ಒಂದು ವಿಷಯವಾಗಿ ಕಲಿಸೋಕೆ ಶುರು ಮಾಡಿದ್ದು 2007-08ರಲ್ಲಿ. ನಮ್ಮ ಹೋಮ್‌ವರ್ಕ್ ಅಂದರೆ ನಾಲ್ಕು ಗೆರೆ ಪುಸ್ತಕದಲ್ಲಿ ದಿನಕ್ಕೊಂದು ಪುಟ ಕಾಪಿ ರೈಟಿಂಗು, ಐದು ಶಬ್ದ ಹತ್ತತ್ತು ಸಲ. ಅಕ್ಷರ ದುಂಡಗೆ ಬಂತು, ಭಾಷೆ ಬರಲಿಲ್ಲ. ಎಂಜಿನಿಯರಿಂಗ್ ಮೊದಲ ವರ್ಷ ಕ್ಲಾಸಿನಲ್ಲಿ ಎದ್ದು ನಿಂತು ಒಂದು ಪ್ಯಾರಾ ಓದುವಾಗ ‘ಇಸ್‌ಲ್ಯಾಂಡ್’ ಅಂದೆ. ಇಡೀ ಕ್ಲಾಸು ನಕ್ಕಿತು. ದ್ವೀಪದಿಂದ ಬಂದವನಿಗೆ ದ್ವೀಪ ಅನ್ನೋ ಶಬ್ದವೇ ಓದೋಕೆ ಬರಲಿಲ್ಲ. ಆಮೇಲೆ ಎರಡು ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಈಗ ಪುಟ್ಟನಿಗೂ ಹೀಗೇ ಆದರೆ? ಅಣ್ಣನ ಭಯ ಅದು. ನಿಜ ಹೇಳಬೇಕೆಂದರೆ ನನ್ನದೂ ಅದೇ.

ಮುಖ್ಯ ಶಿಕ್ಷಕರ ಅನುಮತಿ ಪಡೆದು ಬೆಳಗ್ಗೆಯೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹೆಂಚಿನ ಮಾಡು, ಕಿಟಕಿಯಾಚೆ ಅಕೇಶಿಯಾ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ, ಎಲ್ಲ ಹಾಗೇ ಇದೆ. ಪ್ರಾರ್ಥನೆ, ನಾಡಗೀತೆ ಮುಗಿದು, ಮಕ್ಕಳು ಬಿಸಿಹಾಲು ಕುಡಿದು, ಲೋಟ ತೊಳೆದಿಟ್ಟು ಬಂದರು. ಆರು ಮತ್ತು ಏಳನೇ ಕ್ಲಾಸು ಸೇರಿ ಒಂದೇ ಕೋಣೆ. ಒಟ್ಟು ಹನ್ನೊಂದು ಮಕ್ಕಳು. ನಮ್ಮ ಕಾಲದಲ್ಲಿ ಏಳನೇ ಕ್ಲಾಸೊಂದರಲ್ಲೇ ಇಪ್ಪತ್ತಾರು ಜನ ಇದ್ದೆವು.

ಟೀಚರ್ ಬಂದ ತಕ್ಷಣ ಬೋರ್ಡಿನ ಮೇಲೆ ತಾರೀಖು ಬರೆದರು. ಮೊದಲ ಐದು ನಿಮಿಷ ಡಿಕ್ಟೇಷನ್. ಐದೇ ಶಬ್ದ. ಅದರಲ್ಲಿ ‘ನೈಫ್’ ಬಂತು. ಮುಂದಿನ ಬೆಂಚಿನ ಹುಡುಗ ಎನ್ನಿಂದ ಶುರು ಮಾಡಿದ್ದು ನೋಡಿ ಟೀಚರ್ ಬಯ್ಯಲಿಲ್ಲ. “ನೀ ಬರೆದದ್ದು ಕೇಳಿದ ಹಾಗೆ ಸರಿಯಾಗೇ ಇದೆ. ಕನ್ನಡ ಆಗಿದ್ರೆ ಫುಲ್ ಮಾರ್ಕ್ಸ್. ಇಂಗ್ಲಿಷಲ್ಲಿ ಮುಂದೆ ಒಂದು ಕೆ ಸುಮ್ನೆ ಕೂತಿರ್ತದೆ. ಹಿಂದೆಲ್ಲ ಅದನ್ನೂ ಉಚ್ಚಾರ ಮಾಡ್ತಿದ್ರು, ಈಗ ಬಿಟ್ಟಿದಾರೆ, ಬರೆಯೋದು ಮಾತ್ರ ಬಿಟ್ಟಿಲ್ಲ” ಅಂದರು. ಹುಡುಗ ಹಲ್ಲು ಬಿಟ್ಟು ಕೆ ಸೇರಿಸಿದ.

ನನಗೆ ಇಸ್‌ಲ್ಯಾಂಡ್ ನೆನಪಾಯ್ತು. ಆ ಶಬ್ದದ ಕಥೆ ನಾನು ಓದಿಕೊಂಡದ್ದು ಕೆಲಸಕ್ಕೆ ಸೇರಿದ ಮೇಲೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಎಸ್ ಇರಲೇ ಇಲ್ಲವಂತೆ. ಲ್ಯಾಟಿನ್ ಮೂಲದ ‘ಐಲ್’ ಅನ್ನೋ ಬೇರೊಂದು ಶಬ್ದದ ಜೊತೆ ಸಂಬಂಧ ಕಲ್ಪಿಸಿ, ಕೆಲವು ಶತಮಾನಗಳ ಹಿಂದೆ ಬರೆಯುವವರು ಒಂದು ಎಸ್ ತುರುಕಿದರು. ಯಾರೋ ಓದಿದವರು ಮಾಡಿದ ತಪ್ಪಿಗೆ ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ!

ಡಿಕ್ಟೇಷನ್ ಆದ ಮೇಲೆ ಪಾಠದ ಒಂದು ಪ್ಯಾರಾ. ಮೊದಲು ಟೀಚರ್ ಓದಿದರು, ಆಮೇಲೆ ಇಬ್ಬಿಬ್ಬರು ಜೊತೆಯಾಗಿ. ಒಬ್ಬರೇ ಓದುವುದು ಇಲ್ಲವೇ ಇಲ್ಲ. “ಜೊತೇಲಿ ಒಬ್ರು ಇದ್ರೆ ಹೆದರಿಕೆ ಅರ್ಧ” ಅಂತ ಆಮೇಲೆ ಹೇಳಿದರು.

ನಂತರ ಹೋಮ್‌ವರ್ಕ್. ಇಲ್ಲಿ ಕಾಪಿ ರೈಟಿಂಗ್ ವಾರಕ್ಕೆ ಎರಡು ದಿನ ಮಾತ್ರ. ಉಳಿದ ದಿನ ಒಂದು ಪ್ರಶ್ನೆ. ಅದನ್ನು ಮನೆಯಲ್ಲಿ ಯಾರಿಗಾದರೂ ಕೇಳಬೇಕು, ಕನ್ನಡದಲ್ಲೇ. ಉತ್ತರ ಕೇಳಿಕೊಂಡು ಮೂರು ವಾಕ್ಯ ಇಂಗ್ಲಿಷಿನಲ್ಲಿ ಬರೆದು ತರಬೇಕು. ಹಿಂದಿನ ದಿನದ ಪ್ರಶ್ನೆ: ನಿಮ್ಮ ಮನೆಯಲ್ಲಿ ಅಡಿಕೆ ಮರದಿಂದ ಏನೇನು ಮಾಡ್ತಾರೆ? ಒಬ್ಬಳು ಎದ್ದು ನಿಂತು, “ಟೀಚರ್, ಹಾಳೆಗೆ ಇಂಗ್ಲಿಷಲ್ಲಿ ಎಂತ ಅಂತಾರೆ?” ಅಂದಳು. “ಪೇಪರ್!” ಅಂತ ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಟೀಚರ್ ನನ್ನ ಕಡೆ ತಿರುಗಿದರು. “ಬೆಂಗಳೂರಿನ ಸಾಫ್ಟ್‌ವೇರ್ ಅಂಕಲ್ ಹೇಳ್ತಾರೆ.”

ಹನ್ನೊಂದು ಜೊತೆ ಕಣ್ಣು ನನ್ನ ಮೇಲೆ. ಎಂಟು ವರ್ಷದಿಂದ ದಿನಾ ಇಂಗ್ಲಿಷಿನಲ್ಲಿ ಮೇಲ್ ಬರೆಯುವ ನನಗೆ, ಹಾಳೆ ಟೋಪಿ ಹಾಕಿಕೊಂಡು ಬೆಳೆದ ನನಗೆ, ಅಡಿಕೆ ಹಾಳೆಯ ಇಂಗ್ಲಿಷ್ ಗೊತ್ತಿರಲಿಲ್ಲ. “ಗೊತ್ತಿಲ್ಲ” ಅಂದೆ. ಮಕ್ಕಳಿಗೆ ಎಷ್ಟು ಖುಷಿಯಾಯ್ತು ಅಂದರೆ, ಆಮೇಲೆ ಅವರು ನನ್ನನ್ನು ನೋಡಿ ನಾಚುವುದನ್ನೇ ಬಿಟ್ಟರು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಗುಡ್ಡ ಹತ್ತಿ, ನೆಟ್‌ವರ್ಕ್ ಹಿಡಿದು ಹುಡುಕಿ ಬಂದೆ. ‘ಶೀತ್’. ಟೀಚರ್ ಬೋರ್ಡಿನ ಮೂಲೆಯಲ್ಲಿ ಬರೆದುಕೊಂಡರು.

ಊಟದ ಬಿಡುವಿನಲ್ಲಿ ಅವರು ಪುಸ್ತಕ ತಿದ್ದುವುದನ್ನು ನೋಡುತ್ತ ಕೂತೆ. ಮೂರು ವಾಕ್ಯದಲ್ಲಿ ಆರು ತಪ್ಪಿದ್ದರೂ ಒಂದಕ್ಕೆ ಮಾತ್ರ ಕೆಂಪು ಸುತ್ತು. ಯಾಕೆ ಅಂತ ಕೇಳಿದೆ. “ಎಲ್ಲ ಕೆಂಪು ಮಾಡಿದ್ರೆ ನಾಳೆ ಬರೆಯೋದೇ ಇಲ್ಲ. ಇಲ್ಲಾಂದ್ರೆ ಗೈಡ್ ನೋಡಿ ಕಾಪಿ ಮಾಡ್ಕೊಂಡು ಬರ್ತಾರೆ, ಒಂದೂ ತಪ್ಪು ಇರೋದಿಲ್ಲ, ಒಂದೂ ಕಲಿತಿರೋದಿಲ್ಲ. ಒಂದು ವಾರ ಒಂದೇ ತಪ್ಪಿನ ಹಿಂದೆ ಬೀಳ್ತೀನಿ” ಅಂದರು. ಒಂದು ಕೋಡ್ ರಿವ್ಯೂಗೆ ನಲವತ್ತು ಕಾಮೆಂಟ್ ಹಾಕಿ ಹೊಸ ಹುಡುಗನ ಮುಖ ಸಪ್ಪಗೆ ಮಾಡಿದ್ದ ನನಗೆ ಯಾರೋ ಮೆತ್ತಗೆ ಕಿವಿ ಹಿಂಡಿದ ಹಾಗಾಯ್ತು.

ಮತ್ತೊಂದು ಮಾತನ್ನೂ ಅವರೇ ಹೇಳಿದರು. “ಹೋಮ್‌ವರ್ಕ್ ಅಂದ್ರೆ ಮನೇಲಿ ಹೇಳಿಕೊಡೋರು ಇದಾರೆ ಅಂತ ಲೆಕ್ಕ. ಇಲ್ಲಿ ಯಾರ ಮನೇಲಿ ಇದಾರೆ? ಇಂಗ್ಲಿಷ್ ಮನೇಲಿಲ್ಲ. ಆದ್ರೆ ವಿಷ್ಯ ಇದ್ಯಲ್ಲ.”

ಸಂಜೆ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ರಾತ್ರಿ ಊಟದ ತನಕ ಎಲ್ಲರೂ ಮೆಟ್ಟುಕತ್ತಿ ಮುಂದೆ. ನಾನು ಚಿಕ್ಕವನಿದ್ದಾಗ ಹೋಮ್‌ವರ್ಕಿಗೂ ಸುಲಿತಕ್ಕೂ ದಿನಾ ಜಗಳ. ಕಾಪಿ ಬರೆದರೆ ಅಡಿಕೆ ಇಲ್ಲ, ಅಡಿಕೆ ಸುಲಿದರೆ ಕಾಪಿ ಇಲ್ಲ. ಪುಟ್ಟ ಮಾತ್ರ ಪುಸ್ತಕ ತೊಡೆ ಮೇಲಿಟ್ಟುಕೊಂಡು ಅಮ್ಮನ ಪಕ್ಕವೇ ಕೂತ. ಅವತ್ತಿನ ಪ್ರಶ್ನೆ: ಮನೆಯ ಹಿರಿಯರು ನಿನ್ನ ವಯಸ್ಸಿನಲ್ಲಿ ಶಾಲೆಗೆ ಹೇಗೆ ಹೋಗ್ತಿದ್ದರು?

“ಅಜ್ಜಿ, ನೀ ಶಾಲೆಗೆ ಹ್ಯಾಂಗೆ ಹೋಗ್ತಿದ್ದೆ?”

ಅಮ್ಮನಿಗೆ ಈಗ ಎಪ್ಪತ್ತು. ಕೈ ನಿಲ್ಲಿಸದೆ ಹೇಳಿದಳು. “ಮೂರನೇ ಕ್ಲಾಸಿನ ತನಕ ಹೋಗ್ತಿದ್ದೆ ಮಗಾ. ಗದ್ದೆ ಬದುವಿನ ಮೇಲೆ ನಡ್ಕೊಂಡು. ಆಮೇಲೆ ಶಾಲೆಗೇ ನೀರು ಬಂತು.”

“ಆಮೇಲೆ?”

“ಆಮೇಲೆಂತ? ಮನೆ ಬಿಟ್ಟು ಗುಡ್ಡಕ್ಕೆ ಬಂದ್ವಿ. ಅಲ್ಲಿ ಶಾಲೆ ಇರಲಿಲ್ಲ. ಸ್ಲೇಟು ಮಾತ್ರ ತಂದಿದ್ದೆ. ಸುಮಾರು ದಿನ ಒಬ್ಳೇ ಕೂತು ಬರೀತಿದ್ದೆ. ಬರೆದದ್ದೇ ಬರೆಯದು.”

ಅಣ್ಣ ಸುಲಿಯೋದು ನಿಲ್ಲಿಸಿ ಅವಳ ಮುಖ ನೋಡಿದ. ನಾನೂ ನೋಡಿದೆ. ಮುಳುಗಡೆಯ ಕಥೆ ಮನೆಯಲ್ಲಿ ನೂರು ಸಲ ಕೇಳಿದ್ದೇವೆ. ಗದ್ದೆ ಹೋಯ್ತು, ತೋಟ ಹೋಯ್ತು, ಪರಿಹಾರ ಬರಲಿಲ್ಲ. ಅಮ್ಮನ ಶಾಲೆ ಹೋದದ್ದನ್ನು ಯಾರೂ ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ. ನನ್ನ ಕಾಪಿ ಪುಸ್ತಕಕ್ಕೆ ದಿನಾ ಸಹಿ ಹಾಕುವಾಗ ಅವಳು ಒಂದು ಕ್ಷಣ ಪುಟದ ಮೇಲೆ ಕೈ ಆಡಿಸುತ್ತಿದ್ದಳು. ಮಸಿ ಒಣಗಿದೆಯಾ ಅಂತ ನೋಡುತ್ತಾಳೆ ಅಂದುಕೊಂಡಿದ್ದೆ.

ಪುಟ್ಟ ತಲೆ ಕೆರೆದುಕೊಂಡು ಬರೆದ. “ಮೈ ಗ್ರ್ಯಾಂಡ್‌ಮದರ್ ಸ್ಕೂಲ್ ಈಸ್ ಅಂಡರ್ ವಾಟರ್. ಶಿ ರೀಡ್ ಥರ್ಡ್ ಸ್ಟ್ಯಾಂಡರ್ಡ್. ಐ ಗೋ ಸಿಕ್ಸ್ತ್ ಸ್ಟ್ಯಾಂಡರ್ಡ್.” ತಿದ್ದಲಾ ಅಂತ ನನ್ನ ಕೈ ಪೆನ್ನಿಗೆ ಹೋಯ್ತು. ಟೀಚರ್ ನೆನಪಾಗಿ ಬಿಟ್ಟೆ.

ಊಟಕ್ಕೆ ಮುಂಚೆ ಪಕ್ಕದ ಮನೆಯ ಹುಡುಗಿ ಮಜ್ಜಿಗೆಗೆ ಬಂದಳು. ಅವಳೂ ಆರನೇ ಕ್ಲಾಸು, ವ್ಯಾನಿನ ಶಾಲೆ. ಬೆಳಗ್ಗೆ ಏಳೂವರೆಗೆ ಹೊರಟರೆ ಸಂಜೆ ಆರಕ್ಕೆ ವಾಪಸು. “ಅಂಕಲ್, ವಿಚ್ ಕಂಪನಿ?” ಅಂತ ನನ್ನ ಕಣ್ಣು ನೋಡಿಯೇ ಕೇಳಿದಳು. ಅಷ್ಟು ಧೈರ್ಯ ನನಗೆ ಎಂಜಿನಿಯರಿಂಗ್ ಮುಗಿಯುವ ತನಕ ಇರಲಿಲ್ಲ. ಅವಳ ಪುಸ್ತಕ ಮುತ್ತಿನ ಹಾಗಿತ್ತು, ಉತ್ತರಗಳೆಲ್ಲ ಗೈಡಿನದ್ದು. ಒಂದು ವಾಕ್ಯದ ಅರ್ಥ ಕೇಳಿದೆ. “ಅದು ಕೇಳಲ್ಲ ಅಂಕಲ್, ಬರೀ ಬರೆಯೋಕೆ” ಅಂದಳು. ಆದರೂ ಆ ಧೈರ್ಯವನ್ನು ನಾನು ಕಡೆಗಣಿಸಲಾರೆ. ಇಂಟರ್‌ವ್ಯೂ ಕೋಣೆಯಲ್ಲಿ ಅದರ ಬೆಲೆ ಎಷ್ಟು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ರಾತ್ರಿ ಜಗಲಿಯಲ್ಲಿ ಅಣ್ಣ ಕೇಳಿದ, “ಎಂತ ಹೇಳ್ತೆ?” ನನಗೆ ಗೊತ್ತಿದ್ದಷ್ಟು ಹೇಳಿದೆ. ಈ ಟೀಚರ್ ಇರುವ ತನಕ ಪುಟ್ಟ ಇಲ್ಲಿ ಕಲಿಯುವಷ್ಟು ಅಲ್ಲಿ ಕಲಿಯಲಿಕ್ಕಿಲ್ಲ. ಆದರೆ ಮಾತಾಡೋ ರೂಢಿ ಇಲ್ಲಿ ಕಡಿಮೆ, ಅದನ್ನು ನಾವು ಹುಟ್ಟಿಸಬೇಕು. ಎಂಟನೇ ಕ್ಲಾಸಿಗೆ ಹೇಗೂ ಬೇರೆ ಶಾಲೆಗೆ ಹೋಗಲೇಬೇಕು, ಏಳು ಇಲ್ಲೇ ಮುಗಿಸಲಿ. ಟೀಚರಿಗೆ ವರ್ಗ ಆದರೆ ಏನು ಅಂತ ಅವನು ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಲ್ಲಿ ಕೂತು ಊರಿನ ಶಾಲೆ ಉಳಿಯಬೇಕು ಅನ್ನೋದು ಸುಲಭ. ಮಗು ಅವನದ್ದು. ಅವನು ಬಹಳ ಹೊತ್ತು ಸುಮ್ಮನಿದ್ದು, “ಏಳು ಮುಗೀಲಿ, ನೋಡಾಣ. ಆದ್ರೆ ನೀನೂ ಪಾಲು ತಗಳ್ಬೇಕು” ಅಂದ.

ಮರುದಿನ ಹೊರಡುವ ಮುಂಚೆ ಶಾಲೆಗೆ ಹೋದೆ. ಟೀಚರ್ ಪುಟ್ಟನ ಮೂರು ವಾಕ್ಯ ಎರಡು ಸಲ ಓದಿದರು. ‘ಗ್ರ್ಯಾಂಡ್‌ಮದರ್’ ಮುಂದೆ ಒಂದು ಕೆಂಪು ಸುತ್ತು ಹಾಕಿ, ಬಿಟ್ಟುಹೋಗಿದ್ದ ಎಸ್ ಬರೆಸಿದರು. ಉಳಿದ ತಪ್ಪು ಹಾಗೇ ಇತ್ತು. ಕೆಳಗೆ ಬರೆದರು: ‘ಗುಡ್. ಆಸ್ಕ್ ಹರ್ ಮೋರ್.’

ಈಗ ರಾತ್ರಿ ಎಂಟೂವರೆಗೆ ಪುಟ್ಟ ಅಂಗಳದ ಮೂಲೆಗೆ ಬಂದು, ನೆಟ್‌ವರ್ಕ್ ಸಿಗುವ ಕಲ್ಲಿನ ಮೇಲೆ ನಿಂತು ಫೋನ್ ಮಾಡುತ್ತಾನೆ. ಬರೆದ ಮೂರು ವಾಕ್ಯ ಓದುತ್ತಾನೆ, ಆಮೇಲೆ ಹತ್ತು ನಿಮಿಷ ಇಬ್ಬರೂ ಇಂಗ್ಲಿಷ್. ಅವನದ್ದೂ ತಪ್ಪು, ಅವಸರದಲ್ಲಿ ನನ್ನದೂ ತಪ್ಪು. ಒಂದನ್ನು ಮಾತ್ರ ಹೇಳುತ್ತೇನೆ. ನಿನ್ನೆಯ ಪ್ರಶ್ನೆ ನನಗೇ ಇತ್ತು. “ಚಿಕ್ಕಪ್ಪ, ನೀ ಆಫೀಸಲ್ಲಿ ದಿನಾ ಎಂತ ಮಾಡ್ತೆ? ಕನ್ನಡದಲ್ಲಿ ಹೇಳು, ನಾ ಇಂಗ್ಲಿಷಲ್ಲಿ ಬರ್ಕಳ್ತೆ.”

ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ನಾಳೆ ಹೇಳ್ತೀನಿ ಅಂದಿದ್ದೇನೆ.