ನೆರಳು ಬಲೆಯ ಕೆಳಗೆ ಮೂವತ್ತು ದಿನ



ಹಸಿರುಮನೆ ಎಂದರೆ ನಿಮ್ಮ ಕಣ್ಣಮುಂದೆ ಏನು ಬರುತ್ತದೆ? ಬಹುಶಃ ರಜೆಗೆ ಬೆಂಗಳೂರಿಗೆ ಹೋದಾಗ ಅಜ್ಜ ಅಜ್ಜಿ ತೋರಿಸಿದ ಲಾಲ್‌ಬಾಗಿನ ಗಾಜಿನ ಮನೆ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡ ಫಲಪುಷ್ಪ ಪ್ರದರ್ಶನಕ್ಕೆ ಪ್ರಸಿದ್ಧ. ಚಳಿ ದೇಶಗಳಲ್ಲಾದರೆ ಗಾಜಿನ ಮನೆಯ ಕೆಲಸವೇ ಬೇರೆ. ಹೊರಗೆ ಹಿಮ ಬೀಳುತ್ತಿರುವಾಗಲೇ ಒಳಗೆ ಬೀಜ ಬಿತ್ತಿ, ಬಿಸಿಲಿನ ಕಾವನ್ನು ಹಿಡಿದಿಟ್ಟು, ವಸಂತ ಬರುವಷ್ಟರಲ್ಲಿ ಸಸಿಗಳನ್ನು ಸಿದ್ಧಮಾಡಿಕೊಳ್ಳುತ್ತಾರೆ.

ನಮ್ಮ ವಿಶಾಖಪಟ್ಟಣದಲ್ಲಿ ಕಾವು ಹಿಡಿದಿಡುವ ಮನೆ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಮೇ ತಿಂಗಳಲ್ಲಿ ನಮ್ಮ ಊರೇ ಒಂದು ಗಾಜಿನ ಮನೆ! ಆದರೆ ಇಲ್ಲಿಯ ರೈತರೂ ಮುಂಚಿತವಾಗಿ ಬೀಜ ಬಿತ್ತುತ್ತಾರೆ, ಮರೆಯಲ್ಲಿ ಸಸಿ ಬೆಳೆಸುತ್ತಾರೆ. ಅಲ್ಲಿ ಚಳಿಯಿಂದ ಕಾಪಾಡಿದರೆ ಇಲ್ಲಿ ಸುಡುವ ಬಿಸಿಲು, ಜಡಿಮಳೆ, ಹುಳುಗಳಿಂದ ಕಾಪಾಡಬೇಕು. ಉದ್ದೇಶ ಒಂದೇ, ಶತ್ರು ಮಾತ್ರ ಬೇರೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ. ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರ್. ಬೆಲ್ಲದ ಪೇಟೆಗೆ ಹೆಸರಾದ ಅನಕಾಪಲ್ಲಿ, ಆಮೇಲೆ ತುನಿ, ಸಾಮರ್ಲಕೋಟ. ರಾಜಮಹೇಂದ್ರವರ ಬರುವ ಮುಂಚೆ ಕಡಿಯಂ ಎಂಬ ಸಣ್ಣ ನಿಲ್ದಾಣ ದಾಟುತ್ತದೆ. ಈ ಸೀಮೆಯ ಹಳ್ಳಿಗಳ ಕಸುಬೇ ನರ್ಸರಿ. ಗೋದಾವರಿಯ ಮೆಕ್ಕಲು ಮಣ್ಣಿನಲ್ಲಿ ಬೆಳೆದ ಹೂವಿನ ಗಿಡ, ಹಣ್ಣಿನ ಸಸಿಗಳು ಇಲ್ಲಿಂದ ದೇಶದ ಮೂಲೆಮೂಲೆಗೆ ಲಾರಿಯಲ್ಲಿ ಹೋಗುತ್ತವೆ. ನಿಮ್ಮ ಮನೆಯ ಬಾಲ್ಕನಿಯ ಗುಲಾಬಿಯ ತವರೂ ಅದೇ ಆಗಿರಬಹುದು.

ವಿಜಯವಾಡದಲ್ಲಿ ಇಳಿದರೆ ಕೃಷ್ಣೆ. ಮಹಾಬಲೇಶ್ವರದಲ್ಲಿ ಹುಟ್ಟಿ, ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ಅದೇ ಕೃಷ್ಣೆ. 1855ರ ಹಳೆಯ ಅಣೆಕಟ್ಟಿನ ಬದಲಿಗೆ 1957ರಲ್ಲಿ ಆದ ಪ್ರಕಾಶಂ ಬ್ಯಾರೇಜಿನ ಮೇಲೆ ನದಿ ದಾಟಿದರೆ ತಾಡೇಪಲ್ಲಿ, ಉಂಡವಲ್ಲಿ, ಮಂಗಳಗಿರಿ. ಮುಂದೆ ಗುಂಟೂರಿನ ಮೆಣಸಿನಕಾಯಿ ಸೀಮೆ. ಆ ದಾರಿಯಲ್ಲಿ ಹೊಲಗಳ ನಡುವೆ ಹಸಿರು ಬಲೆ ಹೊದಿಸಿದ ಚಪ್ಪರಗಳು ಕಾಣಿಸುತ್ತವೆ. ನಾನು ಒಳಹೊಕ್ಕು ನೋಡಿದ್ದು ಒಂದು ಸಣ್ಣ ಜಮೀನಿನ ಚಪ್ಪರ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ.

ಒಳಗೆ ಸಾಲುಸಾಲು ಕಪ್ಪು ಟ್ರೇಗಳು. ಒಂದೊಂದರಲ್ಲಿ 98 ಗುಳಿ. ಗುಳಿಯಲ್ಲಿ ಮಣ್ಣಿಲ್ಲ, ತೆಂಗಿನ ನಾರಿನ ಪುಡಿ. ಗುಳಿಗೆ ಒಂದೇ ಬೀಜ. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ, ಪ್ಲಾಸ್ಟಿಕ್ ಹೊದಿಸಿ, ಮೊಳಕೆ ಕಾಣಿಸಿದ ಕೂಡಲೇ ಬಿಡಿಸಿ ಹರಡುತ್ತಾರೆ. ಸಸಿಗೆ ತೆಲುಗಿನಲ್ಲಿ ‘ನಾರು’ ಎನ್ನುತ್ತಾರೆಂದು ನಿಮಗೆ ಗೊತ್ತೇ ಇದೆ. ಅಂದರೆ ಕನ್ನಡದ ನಾರಿನಲ್ಲಿ ತೆಲುಗಿನ ನಾರು ಬೆಳೆಯುತ್ತಿದೆ! ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎನ್ನುತ್ತೇವಲ್ಲ, ಇಲ್ಲಿ ನಾರೇ ಹೂವನ್ನು ಹೊತ್ತು ಸಾಗಿಸುತ್ತದೆ.

ಟೊಮೆಟೊ, ಬದನೆಗೆ ಇಪ್ಪತ್ತೈದರಿಂದ ಮೂವತ್ತು ದಿನ, ಮೆಣಸಿನಕಾಯಿಗೆ ಇನ್ನೊಂದು ವಾರ ಹತ್ತು ದಿನ ಹೆಚ್ಚು. ಇಷ್ಟು ಕಷ್ಟ ಏಕೆ, ನೇರವಾಗಿ ಹೊಲದಲ್ಲೇ ಬಿತ್ತಬಾರದೇ? ಕಾರಣಗಳಿವೆ. ಹೈಬ್ರಿಡ್ ಬೀಜ ದುಬಾರಿ, ಒಂದು ಕಾಳೂ ವ್ಯರ್ಥವಾಗಬಾರದು. ಎಲೆ ಮುದುಡುವ ವೈರಸ್ ರೋಗವನ್ನು ಬಿಳಿನೊಣ ಹರಡುತ್ತದೆ. ಎಳೆಯ ಸಸಿಗೆ ತಗಲಿದರೆ ಗಿಡ ಕೊನೆಯವರೆಗೂ ಕುಂಟುತ್ತದೆ. ಒತ್ತಾದ ಬಲೆಯ ಒಳಗೆ ಆ ನೊಣ ನುಸುಳುವುದು ಕಷ್ಟ. ಕಾಲುವೆಗೆ ನೀರು ಬರುವುದು ತಡವಾದರೂ ಸಸಿಯ ವಯಸ್ಸು ನಿಲ್ಲುವುದಿಲ್ಲ, ರೈತನಿಗೆ ಒಂದು ತಿಂಗಳು ಉಳಿಯುತ್ತದೆ.

ಈಗ ನಿಮಗೊಂದು ವಿಷಯ ಹೇಳಬೇಕು. ಭಾರತದ ಮೊದಲ ವಾಣಿಜ್ಯ ಹೈಬ್ರಿಡ್ ಟೊಮೆಟೊ, ದೊಣ್ಣೆ ಮೆಣಸಿನಕಾಯಿಗಳು ಬೆಂಗಳೂರಿನಿಂದಲೇ ಬಂದವು. ಮನಮೋಹನ ಅತ್ತಾವರ ಅವರ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿ ಹೊರತಂದ ಟೊಮೆಟೊದ ಹೆಸರು ‘ಕರ್ನಾಟಕ’, ದೊಣ್ಣೆ ಮೆಣಸಿನಕಾಯಿಯ ಹೆಸರು ‘ಭಾರತ್’. ಹಾವೇರಿ ಜಿಲ್ಲೆಯ ರಾಣೇಬೆನ್ನೂರು ಸುತ್ತ ಇಂದಿಗೂ ಹೆಣ್ಣುಮಕ್ಕಳು ಬಲೆಮನೆಗಳಲ್ಲಿ ಕುಳಿತು, ಅರಳುವ ಮುಂಚೆಯೇ ಮೊಗ್ಗಿನ ಕೇಸರ ಕಿತ್ತು, ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಿ ಕಂಪನಿಗಳಿಗೆ ಬೀಜ ಮಾಡಿಕೊಡುತ್ತಾರೆ. ಬೀಜದ ಪೊಟ್ಟಣದ ಮೇಲೆ ಅವರ ಹೆಸರಿರುವುದಿಲ್ಲ. ವಿಜಯವಾಡದ ಟ್ರೇಯಲ್ಲಿ ಮೊಳೆತದ್ದು ಅವರ ಕೈಯ ಬೀಜವಾಗಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ಬಲೆ ಎಲ್ಲವನ್ನೂ ಕಾಯುವುದಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನಮ್ಮ ಊರಿಗೆ ಬಡಿಯಿತು. ದೊಡ್ಡ ಮರಗಳೇ ಉರುಳಿದ ಗಾಳಿಗೆ ಪ್ಲಾಸ್ಟಿಕ್ ಹಾಳೆ ಯಾವ ಲೆಕ್ಕ? ಅದಕ್ಕೇ ಸಣ್ಣ ರೈತರು ಸಾಲ ಮಾಡಿ ದೊಡ್ಡ ಪಾಲಿಹೌಸ್ ಕಟ್ಟಲು ಹಿಂಜರಿಯುತ್ತಾರೆ. ಕಂಬ ನೆಟ್ಟು ಬಲೆ ಕಟ್ಟಿದರೆ ತುಫಾನಿನ ಎಚ್ಚರಿಕೆ ಬಂದಾಗ ಬಿಚ್ಚಿ ಸುತ್ತಿಡಬಹುದು, ಟ್ರೇಗಳನ್ನು ಮನೆಯೊಳಗೆ ಹೊತ್ತು ತರಬಹುದು. ಹೊಲವನ್ನು ಹೊತ್ತು ತರಲಾದೀತೇ? 2021ರಲ್ಲಿ ಬಂದ ಕಪ್ಪು ಥ್ರಿಪ್ಸ್ ಹುಳುವಂತೂ ನಾಟಿಯಾದ ಮೆಣಸಿನ ಗಿಡಗಳ ಹೂವಿನೊಳಗೇ ಸೇರಿ ಗುಂಟೂರು ಸೀಮೆಯ ಬೆಳೆ ಹಾಳುಮಾಡಿತು. ಎಷ್ಟೋ ಜನ ಗಿಡವನ್ನೇ ಕಿತ್ತುಹಾಕಿದರು. ಸಸಿಗೆ ಕೊಟ್ಟ ರಕ್ಷಣೆ ಹೊಲದವರೆಗೆ ಬರಲಿಲ್ಲ.

ಚಪ್ಪರದ ಒಂದು ಮೂಲೆಯಲ್ಲಿ ಬಲೆಯನ್ನು ಸರಿಸಿಬಿಟ್ಟಿದ್ದರು. ಅಲ್ಲಿಯ ಸಸಿಗಳು ಸ್ವಲ್ಪ ಬಾಡಿದಂತೆ ಕಂಡವು. “ಇವಕ್ಕೆ ನೀರು ಹಾಕಿಲ್ಲವೇನಮ್ಮಾ?” ಎಂದು ತೆಲುಗಿನಲ್ಲಿ ಕೇಳಿದೆ. ಆ ರೈತ ಮಹಿಳೆ ನಕ್ಕು, “ಬೇಕಂತಲೇ ಕಡಿಮೆ ಹಾಕುತ್ತೇವಕ್ಕಾ. ಮುಂದಿನ ವಾರ ಹೊಲಕ್ಕೆ ಹೋಗುವ ಪಿಳ್ಳೆಗಳು, ಬಿಸಿಲಿನ ಪರಿಚಯ ಆಗಬೇಡವೇ?” ಎಂದರು. ಸುಖವಾಗಿ ಬೆಳೆದ ಸಸಿಯನ್ನು ಒಮ್ಮೆಗೇ ಬಯಲಿಗೆ ಹಾಕಿದರೆ ಅದು ಸುಟ್ಟುಹೋಗುತ್ತದೆ. ಕೊನೆಯ ವಾರ ನೆರಳು, ನೀರು ಎರಡನ್ನೂ ಕಡಿಮೆ ಮಾಡಿದರೆ ಕಾಂಡ ಗಟ್ಟಿಯಾಗುತ್ತದೆ. ಸಸಿ ಬೆಳೆಸುವುದೆಂದರೆ ಬಲೆ ಕಟ್ಟುವುದಷ್ಟೇ ಅಲ್ಲ, ಅದನ್ನು ಯಾವಾಗ ತೆಗೆಯಬೇಕೆಂದು ತಿಳಿಯುವುದು. ತಾಯಂದಿರಾದ ನಮಗೂ ಇದು ಸುಲಭದ ಪಾಠವಲ್ಲ.

ಆಗಸ್ಟ್‌ನಲ್ಲಿ ನೀವೂ ಒಂದು ಟ್ರೇ ತಂದು ಮನೆಯಲ್ಲಿ ಪ್ರಯತ್ನಿಸಿ. ಬಾಲ್ಕನಿಯಲ್ಲಿ ಹಳೆಯ ಸೊಳ್ಳೆಪರದೆ ಕಟ್ಟಿದರೂ ಸಾಕು. ಮೂವತ್ತು ದಿನ ಪ್ರತಿ ಬೆಳಿಗ್ಗೆ ನೋಡಿಕೊಂಡ ಮೇಲೆ ಎಂ.ವಿ.ಪಿ. ಕಾಲನಿಯ ರೈತುಬಜಾರಿಗೆ ಅಮ್ಮನ ಜೊತೆ ಹೋಗಿ. ಕಿಲೋ ಟೊಮೆಟೊಗೆ ಐದು ರೂಪಾಯಿ ಚೌಕಾಸಿ ಮಾಡಲು ನಿಮಗೆ ಆಗ ಮನಸ್ಸು ಬರಲಾರದು.