ಮೋಡದ ತಳ ಅಳೆಯುವ ಲೋಟ

ಏಪ್ರಿಲ್ ಸಂಜೆ ಕೆ.ಆರ್. ನಗರ ಸೀಮೆಯ ಭೇರ್ಯದ ಮೇಲೆ ಕಟ್ಟುವ ಗುಡುಗುಮೋಡದ ನೆತ್ತಿಯಲ್ಲಿ ಇರುವುದು ಹಿಮ. ದಕ್ಷಿಣ ಕರ್ನಾಟಕದ ಆಕಾಶದಲ್ಲಿ ಸುಮಾರು 5 ಕಿ.ಮೀ. ದಾಟಿದರೆ ಉಷ್ಣತೆ ಸೊನ್ನೆಗಿಂತ ಕೆಳಕ್ಕಿಳಿಯುತ್ತದೆ; ಮುಂಗಾರಿಗೆ ಮುಂಚಿನ ಮೋಡಗಳು 12 ಕಿ.ಮೀ. ಮೀರಿ ಏಳುವುದುಂಟು. ಅಲ್ಲಿ ಹುಟ್ಟಿದ ಹಿಮದ ಹಳಕು ಇಳಿಯುತ್ತ ಇಳಿಯುತ್ತ ಕರಗಿ ಹೊಲಕ್ಕೆ ದಪ್ಪ ಹನಿಯಾಗಿ ಬೀಳುತ್ತದೆ. ಮೋಡದೊಳಗಿನ ಏರುಗಾಳಿ ಅದನ್ನು ಬೇಗ ಕೆಳಗೆ ಬಿಡದಿದ್ದರೆ, ತಣ್ಣನೆಯ ನೀರಹನಿಗಳು ಅದರ ಮೈಗೆ ಅಂಟಿ ಅಂಟಿ ಹೆಪ್ಪುಗಟ್ಟಿ ಅದು ಆಲಿಕಲ್ಲಾಗುತ್ತದೆ. ಬಿದ್ದ ಕೂಡಲೇ ಒಂದನ್ನು ಹೆಕ್ಕಿ ಕುಡುಗೋಲಿನಿಂದ ಸೀಳಿದರೆ ಈರುಳ್ಳಿಯಲ್ಲಿರುವಂತೆ ಪದರಗಳು ಕಾಣುತ್ತವೆ: ಒಂದು ಬೆಳ್ಳಗೆ ಮಬ್ಬು, ಒಂದು ಗಾಜಿನಷ್ಟು ತಿಳಿ. ನೀರು ಥಟ್ಟನೆ ಹೆಪ್ಪುಗಟ್ಟಿ ಗಾಳಿಗುಳ್ಳೆ ಸಿಕ್ಕಿಕೊಂಡ ಕಡೆ ಮಬ್ಬು, ನಿಧಾನವಾಗಿ ಹೆಪ್ಪುಗಟ್ಟಿದ ಕಡೆ ತಿಳಿ. ಆ ಕಲ್ಲು ಮೋಡದೊಳಗೆ ಅಲೆದಾಡಿದ ದಾರಿಯೆಲ್ಲ ಅದರಲ್ಲೇ ಬರೆದಿರುತ್ತದೆ. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪಿನ ಸಸಿಗಳನ್ನೂ ಬಾಳೆ ಎಲೆಯನ್ನೂ ಚಿಂದಿ ಮಾಡುವ ಈ ಕಲ್ಲು, ನೋಡುವವರಿಗೆ ಆಕಾಶದ ಅಪರೂಪದ ದಾಖಲೆಯೂ ಹೌದು.

ಮೋಡ ಕಟ್ಟುವ ಕ್ರಮ ಸರಳ. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇಳುತ್ತದೆ, ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಇನ್ನೂ ಹನಿಗಟ್ಟದ ಗಾಳಿ ಪ್ರತಿ ಕಿ.ಮೀ.ಗೆ 9.8 ಡಿಗ್ರಿಯಂತೆ ತಣಿಯುತ್ತ ಹೋಗಿ, ಒಂದು ಎತ್ತರದಲ್ಲಿ ತನ್ನೊಳಗಿನ ಆವಿಯನ್ನು ಹೊರಲಾರದೆ ಹನಿಯಾಗಿ ಬಿಡುತ್ತದೆ. ಹನಿ ಕೂರಲು ಧೂಳಿನದೋ ಹೊಗೆಯದೋ ಅರಬ್ಬಿ ಸಮುದ್ರದ ಉಪ್ಪಿನದೋ ಕಣ ಬೇಕು. ಮೋಡದ ಹನಿಗೂ ಮಳೆಹನಿಗೂ ಇರುವ ಅಂತರ ದೊಡ್ಡದು. ಒಂದು ಮಳೆಹನಿಗೆ ಮೋಡದ ಹನಿಗಳು ಹತ್ತು ಲಕ್ಷದ ಲೆಕ್ಕದಲ್ಲಿ ಕೂಡಬೇಕು.

ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹೊಲದ ಬದುವಿನಲ್ಲೇ ಕಂಡುಕೊಳ್ಳಬಹುದು. ಮೋಡ ನೋಡುವ ಹವ್ಯಾಸದಲ್ಲಿ ಇದರಷ್ಟು ಸುಖ ಕೊಡುವ ಕೆಲಸ ಇನ್ನೊಂದಿಲ್ಲ. ಬೇಕಾಗುವುದು ಹೊಳಪಿನ ಸ್ಟೀಲ್ ಲೋಟ, ಒಂದು ಥರ್ಮಾಮೀಟರ್, ಒಂದಿಷ್ಟು ಐಸ್. ಮೊದಲು ನೆರಳಿನಲ್ಲಿ ಗಾಳಿಯ ಉಷ್ಣತೆ ನೋಡಿಕೊಳ್ಳಬೇಕು. ಬಳಿಕ ಲೋಟದ ಅರ್ಧಕ್ಕೆ ನೀರು ಹಾಕಿ, ಐಸನ್ನು ಚೂರು ಚೂರಾಗಿ ಸೇರಿಸುತ್ತ ಮೆಲ್ಲಗೆ ಕಲಕಬೇಕು. ಲೋಟದ ಹೊರಮೈ ಯಾವ ಕ್ಷಣ ಮಂಕಾಗುತ್ತದೋ ಆಗಿನ ನೀರಿನ ಉಷ್ಣತೆಯೇ ಇಬ್ಬನಿ ಬಿಂದು. ಉಸಿರು ತಾಗಿದರೆ ಲೆಕ್ಕ ಕೆಡುತ್ತದೆ. ಮುಖವನ್ನು ದೂರ ಇಟ್ಟೇ ನೋಡಬೇಕು. ಮಂಕು ಮೂಡಿದ ಉಷ್ಣತೆ, ನೀರು ಬಿಸಿಯಾಗುತ್ತ ಮಂಕು ಮಾಯವಾದ ಉಷ್ಣತೆ, ಎರಡನ್ನೂ ಬರೆದುಕೊಂಡು ಸರಾಸರಿ ಹಿಡಿದರೆ ಇನ್ನೂ ಒಳ್ಳೆಯದು. ಗಾಳಿಯ ಉಷ್ಣತೆಯಲ್ಲಿ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಬೇಸಗೆಯ ಮಧ್ಯಾಹ್ನ ಗಾಳಿ 35, ಇಬ್ಬನಿ ಬಿಂದು 19 ಇದ್ದರೆ ತಳ 2,000 ಮೀಟರ್ ಮೇಲಿದೆ. ಜುಲೈನಲ್ಲಿ 26 ಮತ್ತು 21 ಬಂದರೆ ಬರೀ 625 ಮೀಟರ್. ನೆಲದ ಕಾವಿನಿಂದ ಎದ್ದ ಹಿಂಜಿದ ಅರಳೆಯ ಮೋಡಕ್ಕೆ ಮಾತ್ರ ಈ ಲೆಕ್ಕ ಸಲ್ಲುತ್ತದೆ, ಮೇಲೆಲ್ಲೋ ಹಾಸಿಕೊಂಡ ಪದರಮೋಡಕ್ಕಲ್ಲ.

ಮೋಡ ತಗ್ಗಿನಲ್ಲಿದ್ದ ಮಾತ್ರಕ್ಕೆ ಮಳೆ ಬರುವುದಿಲ್ಲ. ಈ ಸೀಮೆಯಲ್ಲಿ ಗಾಳಿಯ ವಾರ ಎಂದರೆ ಆಷಾಢದ ವಾರ. ಪಡುವಣ ಗಾಳಿ ಹಗಲೂ ರಾತ್ರಿ ಬೀಸುತ್ತದೆ, ತಗ್ಗಿನಲ್ಲಿ ಹರಕು ಮೋಡಗಳು ಓಡುತ್ತವೆ, ಆಗಾಗ ಸೋನೆ ಹಿಡಿಯುತ್ತದೆ, ಹದಮಳೆ ಮಾತ್ರ ಬರುವುದಿಲ್ಲ. ಕಾರಣ ಪಶ್ಚಿಮಘಟ್ಟ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟ ಹತ್ತುವಾಗಲೇ ಹೊರೆ ಇಳಿಸಿ, ಈಚೆಗೆ ಇಳಿಯುತ್ತ ಬಿಸಿಯಾಗಿ ಒಣಗುತ್ತದೆ. ಘಟ್ಟದ ಮಡಿಲಿನ ಭಾಗಮಂಡಲ ಭೇರ್ಯದಿಂದ ನೇರ ದೂರದಲ್ಲಿ ನೂರು ಕಿ.ಮೀ. ಒಳಗೇ ಇದೆ, ಅಲ್ಲಿ ಸುರಿಯುವ ಮಳೆಗೂ ಕೆ.ಆರ್. ನಗರದ ಮಳೆಗೂ ಹೋಲಿಕೆಯೇ ಇಲ್ಲ. ಜೊತೆಗೆ ಒಂದೂವರೆ ಕಿ.ಮೀ. ಎತ್ತರದಲ್ಲಿ ಗಾಳಿ ಇನ್ನೂ ಬಿರುಸಾಗಿರುವುದರಿಂದ ಮೋಡ ನೆಟ್ಟಗೆ ಬೆಳೆಯುವ ಮೊದಲೇ ವಾಲಿ ಹರಿದುಹೋಗುತ್ತದೆ. ಹಿಮದ ಮಟ್ಟ ಮುಟ್ಟದ ಗಿಡ್ಡ ಮೋಡದಲ್ಲಿ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದೇ ಬೆಳೆಯಬೇಕು. ಅದರಿಂದ ಉದುರುವುದು ತುಂತುರು. ಹೀಗಾಗಿ ರಾಗಿ ಬಿತ್ತಲು ಹದವಿಲ್ಲದೆ ರೈತ ಮುಗಿಲು ನೋಡುತ್ತಿರುವ ವಾರವೇ ಚುಂಚನಕಟ್ಟೆಯಲ್ಲಿ ಕಾವೇರಿ ಘಟ್ಟದ ಮಳೆಗೆ ಕೆಂಪಾಗಿ ಭೋರ್ಗರೆಯುತ್ತಾಳೆ, ಕೃಷ್ಣರಾಜಸಾಗರ 124.80 ಅಡಿಯತ್ತ ಏರುತ್ತದೆ, ಎಚ್.ಡಿ. ಕೋಟೆಯ ಕಬಿನಿಯೂ ತುಂಬುತ್ತದೆ. ಗಾಳಿ ತಗ್ಗಿ, ಬೆಳಗ್ಗೆ ಚುರುಕು ಬಿಸಿಲು ಬಿದ್ದು, ಮಧ್ಯಾಹ್ನದ ಮೋಡಗಳು ವಾಲದೆ ನೆಟ್ಟಗೆ ನಿಂತರೆ ಅಂದು ಸಂಜೆ ಮಳೆ ಕಾಯಬಹುದು.

ಮುನ್ಸೂಚನೆ ಓದುವವರ ಮೇಲೆ ಒಂದು ದೂರಿದೆ. ಹವಾಮಾನ ಇಲಾಖೆ ‘ಒಂದೆರಡು ಕಡೆ’ ಎಂದು ಬರೆದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ 25ರಷ್ಟರಲ್ಲಿ ಮಳೆ ಎಂದರ್ಥ. ‘ಕೆಲವು ಕಡೆ’ ಎಂದರೆ ಶೇ 50ರವರೆಗೆ, ‘ಹಲವು ಕಡೆ’ ಎಂದರೆ ಶೇ 75ರವರೆಗೆ. ‘ಭಾರಿ ಮಳೆ’ ಎಂಬುದಕ್ಕೂ ಅಳತೆಯಿದೆ: 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಇಷ್ಟು ಸ್ಪಷ್ಟವಾಗಿ ತೂಗಿ ಇಟ್ಟ ಮಾತುಗಳನ್ನು ಟಿ.ವಿ.ಯವರು ಒಂದೇ ಕೂಗಿನಲ್ಲಿ ಕಲಸಿ, ಇಡೀ ಜಿಲ್ಲೆಗೇ ಭಾರಿ ಮಳೆ ಎಂದು ಸಾರುತ್ತಾರೆ. ಮಳೆ ಬಾರದ ಮುಕ್ಕಾಲು ಪಾಲು ಊರಿನವರು ಮರುದಿನ ಇಲಾಖೆಯನ್ನು ಬೈಯುತ್ತಾರೆ. ಮುನ್ಸೂಚನೆ ನಿಜವಾದ ದಿನವೂ ಅದಕ್ಕೆ ಸುಳ್ಳಿನ ಹೆಸರು. ಇದು ಸಣ್ಣ ತಪ್ಪಲ್ಲ. ಸುಳ್ಳೆಂದು ಬಗೆದ ರೈತ ಸಿಡಿಲಿನ ಎಚ್ಚರಿಕೆಯನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ದನ ಕಾಯುತ್ತ ಮರದಡಿ ನಿಲ್ಲುತ್ತಾನೆ.

ಪಂಚಾಂಗದ ಮಳೆಯ ವಿಷಯ ಬೇರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಕ್ಕೆ ಒಂದೊಂದು ಮಳೆಯ ಹೆಸರಿಟ್ಟ ಲೆಕ್ಕ ಬೇಸಾಯಕ್ಕೆ ಹೇಳಿ ಮಾಡಿಸಿದ ಅಳತೆ. ಭರಣಿಯಿಂದ ಸ್ವಾತಿಯವರೆಗೆ ಉಳುವ, ಬಿತ್ತುವ, ಕೊಯ್ಯುವ ಕೆಲಸವೆಲ್ಲ ಅದರಲ್ಲಿ ಕೂರುತ್ತದೆ. ಆದರೆ ನಾಡಿಗೆಲ್ಲ ಸೇರಿ ಇಷ್ಟು ಕೊಳಗ ಮಳೆ ಎಂದು ಒಂದೇ ಸಾಲಿನಲ್ಲಿ ಅಚ್ಚು ಹಾಕುವುದನ್ನು ಒಪ್ಪಲಾಗದು, ಭಾಗಮಂಡಲಕ್ಕೂ ಭೇರ್ಯಕ್ಕೂ ಒಂದೇ ಕೊಳಗ ಹೇಗಾದೀತು? ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ನಕ್ಷತ್ರ ಹಿಡಿದು ಎಣಿಸುವ ವರ್ಷ, ಋತು ಹಿಡಿದು ಎಣಿಸುವ ವರ್ಷಕ್ಕಿಂತ 20 ನಿಮಿಷದಷ್ಟು ಉದ್ದ. 71 ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ 14 ದಿನ ಜಾರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಮಳೆಯಷ್ಟು. ಇಂದು ಆರಿದ್ರೆ ಹುಟ್ಟುವುದು ಜೂನ್ 22ರ ಸುಮಾರಿಗೆ. ಜೂನ್ ಮೊದಲ ಪಕ್ಷ ಮುಗಿಯುವ ಮುನ್ನ ಇಂದು ಮೃಗಶಿರದ ಹೆಸರಲ್ಲಿ ಬರುವ ಮುಂಗಾರು, ಸಾವಿರ ವರ್ಷದ ಹಿಂದಿನ ಲೆಕ್ಕದಲ್ಲಿ ಆರಿದ್ರೆಯ ಮಳೆಯಾಗಿತ್ತು.