ಅರ್ಧ ಹೋದ ವರ್ಷ ಕಟ್ಟಿದ ಕೋಟೆ

ಮಂಜರಾಬಾದ್ ಕೋಟೆಯ ಫೋಟೋ ನೀವೂ ನೋಡಿರ್ತೀರಿ. ಹಸಿರು ಗುಡ್ಡದ ನೆತ್ತಿಯಲ್ಲಿ ಎಂಟು ಮೂಲೆಯ ನಕ್ಷತ್ರ. ಒಳಗೆ ಹೋಗಿ ನಿಂತರೆ ಆ ನಕ್ಷತ್ರ ಕಾಣಲ್ಲ, ಅದು ಡ್ರೋನ್ ಕಣ್ಣಿಗಷ್ಟೇ. ನಮಗೆ ಕಾಣೋದು ಪಾಚಿ ಹಿಡಿದ ಗೋಡೆ, ಕಮಾನಿನ ಬಾಗಿಲು, ಕತ್ತಲೆ ಕೋಣೆಗಳು, ನಡುವೆ ಮೆಟ್ಟಿಲಿಳಿಯುವ ಬಾವಿ.

ಕಳೆದ ಡಿಸೆಂಬರ್‌ನಲ್ಲಿ ಅಪ್ಪನನ್ನು ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ನಮ್ಮದು ಅರಕಲಗೂಡು ತಾಲ್ಲೂಕು. ಶುಂಠಿಗೆ ಕೊಳೆರೋಗ ಬಂದು, ಸಾಲ ತೀರಿಸೋಕೆ ನಾಲ್ಕು ಎಕರೆಯಲ್ಲಿ ಎರಡು ಎಕರೆ ಮಾರಬೇಕಾಯ್ತು. ಆಮೇಲೆ ಅಪ್ಪ ಮಾತೇ ಕಮ್ಮಿ ಮಾಡಿದ್ರು. ಉಳಿದ ಹೊಲದ ಕಡೆಗೂ ಹೋಗ್ತಿರಲಿಲ್ಲ. "ಎಲ್ಲಾದ್ರೂ ಒಂದಿನ ಸುತ್ತಾಡಿಸ್ಕೊಂಡು ಬಾ" ಅಂತ ಅಮ್ಮನೇ ಬೆಂಗಳೂರಿಗೆ ಫೋನ್ ಮಾಡಿದ್ದು.

ಹಾಸನ ದಾಟಿ, ಸಕಲೇಶಪುರ ದಾಟಿ, ಮಂಗಳೂರು ರಸ್ತೆಯಲ್ಲಿ ದೋಣಿಗಾಲ್ ಹತ್ತಿರ ಇಳಿದ್ವಿ. ಮೆಟ್ಟಿಲು ಹತ್ತುವಾಗ ಅಪ್ಪ ಮೂರು ಸಲ ಕೂತ್ರು.

ಗೋಡೆ ಯಾಕೆ ಹೀಗೆ ಅಂಕುಡೊಂಕು ಅಂತ ಕೇಳಿದ್ರು. ಓದಿಕೊಂಡು ಹೋಗಿದ್ದನ್ನು ಹೇಳಿದೆ. ಫಿರಂಗಿ ಬಂದ ಮೇಲೆ ಎತ್ತರದ ನೇರ ಗೋಡೆಗಳು ನಿಲ್ಲಲಿಲ್ಲ. ತಗ್ಗಾದ ದಪ್ಪ ಗೋಡೆ ಕಟ್ಟಿ, ಮೂಲೆಗಳನ್ನು ಹೊರಕ್ಕೆ ಚಾಚಿದರು. ಒಂದು ಮೂಲೆಯಲ್ಲಿ ನಿಂತವರು ಪಕ್ಕದ ಗೋಡೆಯ ಬುಡಕ್ಕೆ ಬಂದ ಶತ್ರುವಿಗೆ ಗುಂಡು ಹಾರಿಸಬಹುದು. ಫ್ರಾನ್ಸಿನ ವೊಬಾನ್ 17ನೇ ಶತಮಾನದಲ್ಲಿ ಹೆಸರು ಮಾಡಿದ್ದು ಇಂಥ ಕೋಟೆಗಳಿಂದಲೇ.

"ಇದು ಯಾವ ಇಸ್ವೀದು?"

"1792. ಟಿಪ್ಪು ಕಟ್ಟಿಸಿದ್ದು. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಹೆಚ್ಚುಕಮ್ಮಿ ಅರ್ಧ ರಾಜ್ಯ ಬಿಟ್ಟುಕೊಟ್ಟ. ಮೂರು ಕೋಟಿ ಮೂವತ್ತು ಲಕ್ಷ ದಂಡ. ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯ್ತು."

ಅಪ್ಪ ಗೋಡೆ ಮೇಲೆ ಕೈಯಿಟ್ಟು ಸುಮ್ಮನೆ ನಿಂತ್ರು. "ಅರ್ಧ ಹೋದ ವರ್ಷವೇ ಇದನ್ನ ಕಟ್ಸಿದ್ನಾ?"

"ಹೂಂ. ಆದ್ರೆ ಏಳೇ ವರ್ಷಕ್ಕೆ, 1799ರಲ್ಲಿ, ಅವನೂ ಯುದ್ಧದಲ್ಲಿ ಸತ್ತ."

"ಅದು ಬಿಡು ಮಗಾ. ಕಟ್ಟೋವಾಗ ಅವನಿಗೇನ್ ಗೊತ್ತಿತ್ತು?"

ಅಷ್ಟು ತಿಂಗಳಲ್ಲಿ ಅಪ್ಪ ತಾವಾಗಿ ಆಡಿದ ಮೊದಲ ಉದ್ದದ ಮಾತು ಅದು. ಜನವರಿಯಲ್ಲಿ ಉಳಿದ ಎರಡು ಎಕರೆಗೆ ಬೇಲಿ ಸರಿ ಮಾಡಿಸಿದ್ರು. ಮುಂಗಾರಿಗೆ ಆಲೂಗಡ್ಡೆ ಹಾಕಿದ್ರು. ಕೋಟೆ ನೋಡಿದ್ದಕ್ಕೇ ಹೀಗಾಯ್ತು ಅಂತ ನಾನು ಹೇಳಲ್ಲ. ಬಹುಶಃ ಸಮಯವೂ ಆಗಿತ್ತು.

ನೀವು ಹೋಗೋದಾದ್ರೆ ಬೆಳಿಗ್ಗೆ ಬೇಗ ಹೋಗಿ. ಮಳೆಗಾಲದಲ್ಲಿ ಪಾಚಿ ಜಾರುತ್ತೆ, ಸೆಲ್ಫಿಗೋಸ್ಕರ ಗೋಡೆ ಅಂಚಿಗೆ ಹೋಗಬೇಡಿ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. ಮನೆಯ ಹಿರಿಯರನ್ನೂ ಕರ್ಕೊಂಡು ಹೋಗಿ. ಅವರು ನಡುನಡುವೆ ಕೂತರೆ ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ.